ಟರ್ಕಿ ಬೇಟೆ: ಬ್ಲೈಂಡ್ ಮುಂದೆ ಡಿಕಾಯ್ ಎಷ್ಟು ದೂರ, ಯಾವ ಕಡೆ ಮುಖ?

ಹೊಲದಂಚು:
ಪೆನ್ಸಿಲ್ವೇನಿಯಾದಲ್ಲಿ ವಸಂತದ ಟರ್ಕಿ ಸೀಸನ್‌ಗೆ ಬ್ಲೈಂಡ್ ಹಾಕುವ ಜಾಗ ಹೀಗಿದೆ. ಹೋದ ವರ್ಷದ ಮೆಕ್ಕೆಜೋಳದ ಕೂಳೆ ಇರುವ ಹೊಲ, ಸುಮಾರು 6 ಎಕರೆ, ಮಾಲೀಕರ ಒಪ್ಪಿಗೆ ಇದೆ. ಪೂರ್ವಕ್ಕೆ ಓಕ್ ಕಾಡು, ಪಶ್ಚಿಮದ ಅಂಚಿಗೆ ಹಳ್ಳ. ಹಕ್ಕಿಗಳು ರಾತ್ರಿ ಕೂರುವುದು ವಾಯವ್ಯ ಮೂಲೆಯ ಪೈನ್ ಮರಗಳ ಮೇಲೆ. ಡಿಕಾಯ್ ಮೂರಿವೆ: ಎರಡು ಹೇಂಟೆ, ಒಂದು ಪಡ್ಡೆ, ಎಲ್ಲವೂ ಮಡಚುವ ಫೋಮಿನವು. ಒಬ್ಬರ ಕೈಯಲ್ಲಿ 12 ಬೋರ್ ಕೋವಿ, ಇನ್ನೊಬ್ಬರ ಕೈಯಲ್ಲಿ ಕಾಂಪೌಂಡ್ ಬಿಲ್ಲು. ಬ್ಲೈಂಡ್ ಯಾವ ಅಂಚಿಗೆ, ಡಿಕಾಯ್ ಎಷ್ಟು ಗಜಕ್ಕೆ, ಮುಖ ಯಾವ ಕಡೆಗೆ?

ಹೊಸದಾಗಿ ಓದುವವರಿಗೆ: ಬ್ಲೈಂಡ್ ಅಂದರೆ ಬೇಟೆಗಾರರು ಒಳಗೆ ಅಡಗಿ ಕೂರುವ ಬಟ್ಟೆಯ ಗೂಡಾರ, ಡಿಕಾಯ್ ಅಂದರೆ ಹಕ್ಕಿಯನ್ನು ಸೆಳೆಯಲು ಇಡುವ ಗೊಂಬೆ ಹಕ್ಕಿ. ಇಲ್ಲಿ ಹುಂಜ ಅಂದರೆ ಬಲಿತ ಟಾಮ್, ಪಡ್ಡೆ ಅಂದರೆ ಒಂದು ವರ್ಷದ ಜೇಕ್, ಹೇಂಟೆ ಅಂದರೆ ಹೆಣ್ಣು ಹಕ್ಕಿ.

ಮರೆಗಾರ:
ಬ್ಲೈಂಡ್ ಪೂರ್ವದ ಅಂಚಿಗೆ ಹಾಕಿ, ಕಾಡಿನೊಳಗೆ 3ರಿಂದ 5 ಗಜ ಹಿಂದಕ್ಕೆ, ನೆರಳಿನಲ್ಲಿ, ಮುಖ ಪಶ್ಚಿಮಕ್ಕೆ. ಬೆಳಗಿನ ಬಿಸಿಲು ಬೆನ್ನಿಗೆ ಬೀಳುತ್ತದೆ, ಒಳಗೆ ಕತ್ತಲಾಗಿಯೇ ಉಳಿಯುತ್ತದೆ, ಡಿಕಾಯ್‌ಗಳ ಮೇಲೆ ಬೆಳಕು ಬೀಳುತ್ತದೆ. ಇದೇ ಬ್ಲೈಂಡ್ ಪಶ್ಚಿಮದ ಅಂಚಿನಲ್ಲಿದ್ದರೆ 7 ಗಂಟೆಯ ಹೊತ್ತಿಗೆ ಬಿಸಿಲು ನೇರ ಕಿಟಕಿಯೊಳಗೆ ನುಗ್ಗಿ ನಿಮ್ಮ ಮುಖ, ಕೈ, ಕೋವಿಯ ನಳಿಗೆ ಎಲ್ಲವನ್ನೂ ತೋರಿಸಿಬಿಡುತ್ತದೆ. ಹಳ್ಳವೂ ಅಡ್ಡ ಬರುತ್ತದೆ. ಹಳ್ಳ, ತಂತಿ ಬೇಲಿ, ದಟ್ಟ ಪೊದೆಯನ್ನು ದಾಟಿ ಬರಲು ಹುಂಜ ಹಿಂದೇಟು ಹಾಕುತ್ತದೆ. ಹಾರಿ ದಾಟಬಲ್ಲದು, ಆದರೂ ಆಚೆ ದಡದಲ್ಲೇ ಶತಪಥ ಹಾಕುತ್ತದೆ.

ಹಿಂದಿನ ಮತ್ತು ಪಕ್ಕದ ಕಿಟಕಿಗಳನ್ನು ಪೂರ್ತಿ ಮುಚ್ಚಿ. ಎದುರೆದುರು ಎರಡು ಕಿಟಕಿ ತೆರೆದಿದ್ದರೆ ನಡುವೆ ಕೂತವರ ಆಕಾರ ಕಪ್ಪಗೆ ಎದ್ದು ಕಾಣುತ್ತದೆ. ಮುಂದೆ ಒಂದು, ಬಲ ಮೂಲೆಯಲ್ಲಿ ಒಂದು ಸೀಳು ಸಾಕು, ಏಕೆಂದರೆ ಹಕ್ಕಿ ಬರುವುದು ವಾಯವ್ಯದಿಂದ, ಅಂದರೆ ನಿಮ್ಮ ಮುಂದಿನ ಬಲಗಡೆಯಿಂದ. ಒಳಗೆ ಹಾಕುವ ಬಟ್ಟೆ ಕಪ್ಪಿರಲಿ. ಎಲೆ ಬಣ್ಣದ ಅಂಗಿ ಬ್ಲೈಂಡಿನ ಕಪ್ಪು ಒಳಗೋಡೆಯ ಮುಂದೆ ತಿಳಿಬಣ್ಣವಾಗಿ ಎದ್ದು ಕಾಣುತ್ತದೆ.

ಈಗ ಡಿಕಾಯ್. ಟರ್ಕಿಯ ಸ್ವಭಾವದ ಎರಡು ಸಂಗತಿ ಗೊತ್ತಿದ್ದರೆ ಮುಖ ಯಾವ ಕಡೆಗೆ ಎನ್ನುವುದು ತಾನಾಗಿ ತೀರ್ಮಾನವಾಗುತ್ತದೆ. ಹುಂಜ ಇನ್ನೊಂದು ಗಂಡಿನ ಮೇಲೆ ಏರಿ ಬರುವಾಗ ಅದರ ಮುಖದೆದುರು ಬಂದು ನಿಲ್ಲುತ್ತದೆ. ಹೇಂಟೆಯ ಹತ್ತಿರ ಬರುವಾಗ ಬಾಲದ ಕಡೆಯಿಂದ ಬರುತ್ತದೆ. ಹಾಗಾಗಿ ಪಡ್ಡೆ ಡಿಕಾಯ್‌ನ ಮುಖ ಬ್ಲೈಂಡ್ ಕಡೆಗೆ ಓರೆಯಾಗಿರಲಿ, ಹೇಂಟೆಯ ಬಾಲ ಬ್ಲೈಂಡ್ ಕಡೆಗಿರಲಿ. ಎರಡರಲ್ಲೂ ಹುಂಜ ಕೊನೆಗೆ ನಿಲ್ಲುವುದು ಡಿಕಾಯ್ ಮತ್ತು ಬ್ಲೈಂಡ್ ನಡುವೆ, ಅದೂ ನಿಮಗೆ ಬೆನ್ನು ಹಾಕಿ. ಪಡ್ಡೆಯ ಮುಖ ಹೊಲದ ಕಡೆಗೆ ತಿರುಗಿದ್ದರೆ ಹುಂಜ ಅದರ ಆಚೆ ನಿಂತು ನೇರ ನಿಮ್ಮನ್ನೇ ನೋಡುತ್ತಿರುತ್ತದೆ, ದೂರವೂ ನಾಲ್ಕೈದು ಗಜ ಹೆಚ್ಚುತ್ತದೆ.

ಡಿಕಾಯ್ ಎಲ್ಲಿಡಬೇಕು ಎಂದು ಲೆಕ್ಕ ಹಾಕಬೇಡಿ. ಹುಂಜ ಎಲ್ಲಿ ನಿಲ್ಲಬೇಕು, ಅದರ ಕಣ್ಣು ಯಾವ ಕಡೆ ಇರಬೇಕು ಎಂದು ಮೊದಲು ಗೊತ್ತು ಮಾಡಿಕೊಂಡು ಡಿಕಾಯ್‌ಗಳನ್ನು ಅದಕ್ಕೆ ಜೋಡಿಸಿ.

ಬಿಲ್ಲುಗಾರ:
ಮರೆಗಾರರು ಹೇಳಿದ ‘ಬೆನ್ನು ಹಾಕಿ’ ಎನ್ನುವ ಮಾತು ಬಿಲ್ಲಿಗೆ ಎಲ್ಲಕ್ಕಿಂತ ಮುಖ್ಯ. ಟರ್ಕಿಯ ಕಣ್ಣುಗಳು ತಲೆಯ ಎರಡೂ ಪಕ್ಕಕ್ಕಿವೆ. ತಲೆ ಅಲುಗಿಸದೆಯೇ ಸುಮಾರು 270 ಡಿಗ್ರಿ ಕಾಣುತ್ತದೆ, ಕತ್ತು ಸ್ವಲ್ಪ ತಿರುಗಿಸಿದರೆ ಸುತ್ತಲೂ. ಬಣ್ಣವೂ ಚೆನ್ನಾಗಿ ತಿಳಿಯುತ್ತದೆ. ಬಿಲ್ಲು ಎಳೆಯುವ ಚಲನೆಯನ್ನು ಅದರಿಂದ ಮುಚ್ಚಿಡಲು ಸಿಗುವ ಒಂದೇ ಗಳಿಗೆ ಎಂದರೆ ಅದು ಗರಿ ಬಿಚ್ಚಿ ಬೀಗುತ್ತಾ ನಿಮಗೆ ಬೆನ್ನು ತಿರುಗಿಸಿದಾಗ. ಬೀಸಣಿಗೆಯಂತೆ ಎದ್ದ ಬಾಲವೇ ಅದರ ತಲೆಗೂ ನಿಮಗೂ ನಡುವೆ ಪರದೆಯಾಗುತ್ತದೆ. ನವಿಲು ಕುಣಿಯುವುದನ್ನು ಹಿಂದಿನಿಂದ ನೋಡಿದವರಿಗೆ ಇದು ಕೂಡಲೇ ಅರ್ಥವಾಗುತ್ತದೆ: ಹಿಂಬದಿಯಿಂದ ತಲೆ ಕಾಣುವುದೇ ಇಲ್ಲ.

ದೂರ: ಬಿಲ್ಲಿಗೆ 8ರಿಂದ 12 ಗಜ. ಟರ್ಕಿಯ ಮೈ ದೊಡ್ಡದಾಗಿ ಕಂಡರೂ ಅದರಲ್ಲಿ ಬಹುಪಾಲು ಗರಿ. ಬಾಣ ತಗುಲಬೇಕಾದ ಜಾಗ ಕ್ರಿಕೆಟ್ ಚೆಂಡಿಗಿಂತ ಸ್ವಲ್ಪ ದೊಡ್ಡದು, ಅಷ್ಟೆ. ಪಕ್ಕಕ್ಕೆ ನಿಂತಿದ್ದರೆ ರೆಕ್ಕೆ ಮೈಗೆ ಸೇರುವ ಬುಡ, ಬೆನ್ನು ಹಾಕಿ ಗರಿ ಬಿಚ್ಚಿದ್ದರೆ ಬಾಲದ ಗರಿಗಳೆಲ್ಲ ಕೂಡುವ ಬುಡ.

ಬ್ಲೈಂಡ್ ಒಳಗಿನಿಂದ ಬಾಣ ಬಿಡುವವರು ಹೆಚ್ಚಾಗಿ ಮಾಡುವ ತಪ್ಪು ಕಿಟಕಿಯ ಕೆಳಗಿನ ಅಂಚಿನದು. ಗುರಿ ನೋಡುವ ಪಿನ್ ಬಾಣಕ್ಕಿಂತ ಎರಡು ಮೂರು ಅಂಗುಲ ಮೇಲಿರುತ್ತದೆ. ಪಿನ್‌ನಲ್ಲಿ ಹಕ್ಕಿ ಪೂರ್ತಿ ಕಾಣುತ್ತದೆ, ಬಾಣ ಮಾತ್ರ ಬಟ್ಟೆಗೆ ಬಡಿದು ಎಲ್ಲಿಗೋ ಹೋಗುತ್ತದೆ. ಡಿಕಾಯ್ ಇಟ್ಟ ಮೇಲೆ ಕುರ್ಚಿಯಲ್ಲಿ ಕೂತು, ಬಿಲ್ಲು ಎಳೆದು, ಬಾಣದ ಮುಳ್ಳು ಮತ್ತು ಕಿಟಕಿಯ ಅಂಚಿನ ನಡುವೆ ನಾಲ್ಕು ಬೆರಳಷ್ಟು ಜಾಗ ಇದೆಯೇ ಎಂದು ಪಕ್ಕದವರಿಂದ ನೋಡಿಸಿ. ಬಿಲ್ಲಿನ ಮೇಲ್ತುದಿ ಚಾವಣಿಗೆ ತಾಗುತ್ತದೆಯೇ ಎನ್ನುವುದನ್ನೂ ಆಗಲೇ ನೋಡಿಬಿಡಿ. ಬಲೆಯ ಕಿಟಕಿ ಇದ್ದರೆ ಬಿಚ್ಚಿಕೊಳ್ಳುವ ಬ್ಲೇಡಿನ ಮುಳ್ಳನ್ನು ಅದರ ಮೂಲಕ ಬಿಡಬಾರದು, ಬಲೆಗೆ ಸಿಕ್ಕಿ ಅಲ್ಲೇ ತೆರೆದುಕೊಳ್ಳುತ್ತದೆ.

ಚರೆತೋಟೆ:
ಕೋವಿಗೆ 10 ಗಜ ತೀರಾ ಹತ್ತಿರ. ಟರ್ಕಿಗೆಂದೇ ಮಾಡಿದ ಬಿಗಿ ಚೋಕ್‌ನಲ್ಲಿ (ನಳಿಗೆಯ ತುದಿಯನ್ನು ಕಿರಿದಾಗಿಸುವ ಕೊಳವೆ) ಚರೆ 10 ಗಜಕ್ಕೆ ಕಿತ್ತಳೆ ಹಣ್ಣಿನಷ್ಟೇ ಹರಡಿರುತ್ತದೆ. ತಲೆ ಎರಡು ಅಂಗುಲ ಅತ್ತಿತ್ತ ಆದರೆ ಈಡು ಪೂರ್ತಿ ಖಾಲಿ. ಹತ್ತಿರದಲ್ಲಿ ತಪ್ಪುವ ಅನೇಕ ಈಡುಗಳಿಗೆ ಇದೇ ಕಾರಣ. 18ರಿಂದ 22 ಗಜಕ್ಕೆ ಡಿಕಾಯ್ ಇಟ್ಟರೆ ಹುಂಜ 15ರಿಂದ 20ರ ನಡುವೆ ನಿಲ್ಲುತ್ತದೆ, ಚರೆ ಸಾಕಷ್ಟು ಬಿಚ್ಚಿಕೊಂಡಿರುತ್ತದೆ.

ಇನ್ನೊಂದು ತುದಿಯ ಲೆಕ್ಕವನ್ನೂ ನೆನಪಿಡಿ. ಹುಂಜ ಡಿಕಾಯ್‌ವರೆಗೆ ಬಾರದೆ 20 ಗಜ ಆಚೆಯೇ ನಿಂತರೂ ನಿಮ್ಮಿಂದ 40 ಗಜದೊಳಗೆ ಇರಬೇಕು. ಡಿಕಾಯ್ 30 ಗಜಕ್ಕೆ ಇಟ್ಟವರಿಗೆ ಅದು 50 ಆಗುತ್ತದೆ. ನಿಮ್ಮ ಕೋವಿ, ನಿಮ್ಮ ತೋಟೆ, ನಿಮ್ಮ ಚೋಕ್ ಎಷ್ಟು ದೂರಕ್ಕೆ ನಂಬಬಹುದು ಎನ್ನುವುದನ್ನು ಕಾಗದದ ಮೇಲೆ ಹೊಡೆದೇ ತಿಳಿಯಬೇಕು: 10 ಅಂಗುಲದ ವೃತ್ತದೊಳಗೆ ಸುಮಾರು 100 ಚರೆ ಬೀಳುವ ದೂರದವರೆಗೆ ಮಾತ್ರ. ಸೀಸದ 5ನೇ ನಂಬರಿನ (ಗಾತ್ರದ) ಚರೆಯಲ್ಲಿ ಒಂದು ಔನ್ಸಿಗೆ ಸುಮಾರು 170 ಚರೆ. ಟಂಗ್‌ಸ್ಟನ್‌ನ 9ನೇ ನಂಬರಿನಲ್ಲಿ 360ರ ಆಸುಪಾಸು. ಟಂಗ್‌ಸ್ಟನ್ ತೋಟೆ ದೂರಕ್ಕೆ ಒಳ್ಳೆಯದು, ಹತ್ತಿರದಲ್ಲಿ ಇನ್ನೂ ಬಿಗಿ ಮುದ್ದೆ.

ಒಂದೇ ಬ್ಲೈಂಡಿನಲ್ಲಿ ಬಿಲ್ಲೂ ಕೋವಿಯೂ ಇದ್ದರೆ ಮಧ್ಯಮಾರ್ಗ ಹುಡುಕಬೇಡಿ. ಆ ಬೆಳಗ್ಗೆ ಮೊದಲ ಸರದಿ ಯಾರದು ಎಂದು ನಿರ್ಧರಿಸಿ ಅವರ ದೂರಕ್ಕೆ ಇಡಿ. ಬಿಲ್ಲಿನ ಸರದಿಯಾದರೆ ಕೋವಿಯವರು ಬಿಗಿ ಚೋಕ್ ಬಿಚ್ಚಿ, ಚರೆ ಬೇಗ ಹರಡುವ ಇಂಪ್ರೂವ್ಡ್ ಸಿಲಿಂಡರ್ ಚೋಕ್ ಹಾಕಿಕೊಳ್ಳಲಿ. ಮತ್ತು ನಳಿಗೆಯ ತುದಿ ಕಿಟಕಿಯ ಹೊರಗೆ ಎರಡು ಮೂರು ಅಂಗುಲ ಬಂದೇ ಇರಬೇಕು. ಮುಚ್ಚಿದ ಬ್ಲೈಂಡ್ ಒಳಗೆ ಈಡಾದರೆ ಪಕ್ಕದವರ ಕಿವಿ ಹೋಗುತ್ತದೆ.

ಓಕ್‌ಮರ:
ಡಿಕಾಯ್‌ಗಳನ್ನು ಒತ್ತೊತ್ತಾಗಿ ಇಡಬೇಡಿ. ಟರ್ಕಿಗಳು ಅಪಾಯ ಕಂಡಾಗ ಗುಂಪುಗೂಡಿ ಕತ್ತು ನಿಗುರಿಸುತ್ತವೆ. ಮೇಯುವಾಗ ಚದುರಿರುತ್ತವೆ. ಒಂದಕ್ಕೂ ಇನ್ನೊಂದಕ್ಕೂ 4ರಿಂದ 6 ಅಡಿ ಇರಲಿ, ಎರಡು ಹೇಂಟೆಗಳಲ್ಲಿ ಒಂದಾದರೂ ತಲೆ ಬಗ್ಗಿಸಿ ಮೇಯುವ ಭಂಗಿಯದಾಗಿರಲಿ. ಎರಡೂ ಕತ್ತೆತ್ತಿದ ಗೊಂಬೆಗಳಾದರೆ ನೋಡುವ ಹಕ್ಕಿಗೆ ಅದೇ ಎಚ್ಚರಿಕೆ.

ಗೂಟದ ಎತ್ತರವನ್ನೂ ನೋಡಿ. ಕೂಳೆಯ ನಡುವೆ ಕಾಣಲಿ ಎಂದು ಗೂಟವನ್ನು ಅರ್ಧಕ್ಕೇ ಬಿಟ್ಟರೆ ಹೊಟ್ಟೆಯ ಕೆಳಗೆ ಬೆಳಕು ಹಾಯ್ದು ಹಕ್ಕಿ ಗಾಳಿಯಲ್ಲಿ ತೂಗುವಂತೆ ಕಾಣುತ್ತದೆ. ಬೇಕಾದರೆ ಸುತ್ತಲಿನ ನಾಲ್ಕು ಕೂಳೆ ಕಿತ್ತುಹಾಕಿ, ಗೊಂಬೆಯನ್ನು ಎತ್ತರಿಸಬೇಡಿ.

ಮೇಸಾಲು:
ಸೀಸನ್ನಿನ ಯಾವ ವಾರ ಎಂಬುದರ ಮೇಲೆ ಯಾವ ಡಿಕಾಯ್ ಎನ್ನುವುದು ನಿಂತಿದೆ. ಇದನ್ನು ಯಾರೂ ಹೇಳಲಿಲ್ಲ.

ದಕ್ಷಿಣದ ರಾಜ್ಯಗಳಲ್ಲಿ ಸೀಸನ್ ಮಾರ್ಚ್‌ನಲ್ಲೇ ಶುರುವಾಗುತ್ತದೆ. ಆಗ ಹಕ್ಕಿಗಳು ಇನ್ನೂ ಗುಂಪಿನಲ್ಲಿದ್ದು ಗಂಡುಗಳು ಯಾರು ಮೇಲು ಎಂದು ಕಾದಾಡುತ್ತಿರುತ್ತವೆ. ಪಡ್ಡೆ ಡಿಕಾಯ್ ಕಂಡರೆ ಹುಂಜ ನುಗ್ಗಿ ಬರುತ್ತದೆ. ಪೆನ್ಸಿಲ್ವೇನಿಯಾದ ಸೀಸನ್ ತೆರೆಯುವುದು ಮೇ ಆರಂಭದ ಹೊತ್ತಿಗೆ. ಅಷ್ಟರಲ್ಲಿ ಹೇಂಟೆಗಳು ಮೊಟ್ಟೆ ಇಡುತ್ತಿರುತ್ತವೆ, ಕೆಲವು ಕಾವಿಗೂ ಕೂತಿರುತ್ತವೆ. ದಿನಕ್ಕೆ ಸುಮಾರು ಒಂದರಂತೆ ಹತ್ತು ಹನ್ನೆರಡು ಮೊಟ್ಟೆ, ಆಮೇಲೆ 28 ದಿನ ಕಾವು. ಮೊಟ್ಟೆ ಇಡುವ ಹೇಂಟೆ ಬೆಳಗ್ಗೆ ಹುಂಜದ ಜೊತೆಗಿದ್ದು ಹೊತ್ತೇರಿದ ಮೇಲೆ ಗೂಡಿಗೆ ಜಾರುತ್ತದೆ. ಹುಂಜ ಒಂಟಿಯಾಗುವುದು 9ರಿಂದ 11ರ ನಡುವೆ. ಮುಂಜಾನೆ ಕೂಗಿ ಕೂಗಿ ಸುಮ್ಮನಾಯಿತು ಎಂದು 8ಕ್ಕೇ ಡಿಕಾಯ್ ಕಿತ್ತುಕೊಂಡು ಹೊರಡುವವರು ಒಳ್ಳೆಯ ಹೊತ್ತನ್ನೇ ಬಿಟ್ಟು ಹೋಗುತ್ತಾರೆ.

ಸೀಸನ್ನಿನ ಕೊನೆಯ ವಾರಗಳಲ್ಲಿ ಪಡ್ಡೆಯನ್ನು ಚೀಲದಲ್ಲೇ ಇಡಿ. ಹೊರಗೆ ಒಂದೇ ಹೇಂಟೆ ಸಾಕು. ಅಷ್ಟು ಹೊತ್ತಿಗೆ ಉಳಿದ ಹುಂಜಗಳಲ್ಲಿ ಅನೇಕವು ಮೂರ್ನಾಲ್ಕು ಸಲ ಒದೆ ತಿಂದು, ಇನ್ನೊಂದು ಗಂಡನ್ನು ಕಂಡರೆ ದೂರ ಸರಿಯುವಂಥವು.

ಚರೆತೋಟೆ:
ಪಡ್ಡೆ ಬೇಡ ಎನ್ನುವುದನ್ನು ಪೂರ್ತಿ ಒಪ್ಪಲಾರೆ. ಹೇಂಟೆ ಮಾತ್ರ ಇದ್ದರೆ ಹುಂಜ ದೂರದಲ್ಲೇ ನಿಂತು ಬೀಗುತ್ತದೆ. ಟರ್ಕಿಗಳಲ್ಲಿ ವಾಡಿಕೆಯಂತೆ ಹುಂಜ ಕೂಗಬೇಕು, ಹೇಂಟೆ ಹೋಗಬೇಕು. ‘ನಾನು ಕಾಣಿಸುತ್ತಿದ್ದೇನೆ, ನೀನೇ ಬಾ’ ಎಂದು 60 ಗಜದಲ್ಲಿ ಒಂದು ಗಂಟೆ ನಿಲ್ಲಬಲ್ಲದು. ಪಡ್ಡೆ ಇದ್ದರೆ ಹೊಟ್ಟೆಕಿಚ್ಚು ಅದನ್ನು ಎಳೆದು ತರುತ್ತದೆ.

ಮೇಸಾಲು:
ಹೊಟ್ಟೆಕಿಚ್ಚು ಬರುವುದು ಗೆಲ್ಲುವ ಧೈರ್ಯ ಇರುವ ಹುಂಜಕ್ಕೆ. ಪಡ್ಡೆಗಳು ಐದಾರು ಸೇರಿ ಗುಂಪುಕಟ್ಟಿ ಓಡಾಡುವ ಜಾಗಗಳಲ್ಲಿ ಅವೇ ಬಲಿತ ಹುಂಜವನ್ನು ಅಟ್ಟಾಡಿಸುತ್ತವೆ. ಅಂಥ ಕಡೆ ಒಂದು ಪಡ್ಡೆ ಕಂಡರೂ ಹುಂಜ ತಿರುಗಿ ನಡೆಯುತ್ತದೆ. ಸೀಸನ್ನಿಗೆ ಮೊದಲು ಎರಡು ಬೆಳಗ್ಗೆ ದುರ್ಬೀನು ಹಿಡಿದು ನೋಡಿದರೆ ನಿಮ್ಮ ಹೊಲದಲ್ಲಿ ಯಾರದು ದರ್ಬಾರು ಎಂದು ತಿಳಿಯುತ್ತದೆ. ಪಡ್ಡೆಯ ಬಾಲ ಬಿಚ್ಚಿದಾಗ ನಡುವಿನ ಗರಿಗಳು ಉದ್ದ, ಪಕ್ಕದವು ಮೋಟು. ಬಲಿತ ಹುಂಜದ್ದು ಅಂಚೆಲ್ಲ ಒಂದೇ ಸಮ.

ಪಡ್ಡೆ ಇಡುವುದೇ ಆದರೆ ಸಣ್ಣದನ್ನೇ ಇಡಿ. ತಲೆ ಕಡುಕೆಂಪು ಬಣ್ಣ ಬಳಿದು ಪೂರ್ತಿ ಗರಿ ಬಿಚ್ಚಿದ ದೊಡ್ಡ ಹುಂಜದ ಡಿಕಾಯ್ ಎಂದರೆ ಬಂದ ಹಕ್ಕಿಗೆ ನೇರ ಸವಾಲು. ಅದನ್ನು ಸ್ವೀಕರಿಸುವುದು ಆ ಹೊಲದ ಒಡೆಯ ಮಾತ್ರ.

ಓಕ್‌ಮರ:
ಇಬ್ಬರ ಮಾತೂ ಕೂಡುವ ಒಂದು ಜೋಡಣೆ ಇದೆ. ನೆಲಕ್ಕೆ ಕವುಚಿ ಕೂತ ಹೇಂಟೆ, ಅದರ ಹಿಂದೆ ಒಂದೂವರೆ ಅಡಿಗೆ ಪಡ್ಡೆ. ಗಂಡನ್ನು ಒಪ್ಪಿ ಕೂತ ಹೇಂಟೆಯ ಭಂಗಿ ಅದು. ಅದನ್ನು ಕಂಡ ಹುಂಜ ಹೇಂಟೆ ತನ್ನ ಬಳಿಗೆ ಬರಲಿ ಎಂದು ಕಾಯುವುದಿಲ್ಲ. ಪಡ್ಡೆಯ ಮುಖ ಬ್ಲೈಂಡ್ ಕಡೆಗೇ ಇರಲಿ ಎಂಬ ನಿಯಮ ಇಲ್ಲೂ ಉಂಟು, ಆದ್ದರಿಂದ ಹೇಂಟೆಯ ತಲೆಯೂ ಬ್ಲೈಂಡ್ ಕಡೆಗೇ ಬರುತ್ತದೆ. ಎರಡನೇ ಹೇಂಟೆ ಆರು ಅಡಿ ದೂರ, ಮೇಯುತ್ತಾ ಇರಲಿ.

ಗೂಟಗಾರ:
ಫೋಮಿನ ಡಿಕಾಯ್‌ಗೆ ಗಾಳಿಯೇ ಶತ್ರು, ಅದರ ಬಗ್ಗೆ ಸ್ವಲ್ಪ ವಿವರವಾಗಿ.

ಒಂದೇ ಗೂಟದ ಮೇಲೆ ಕೂತ ಹಗುರ ಗೊಂಬೆ ಗಾಳಿ ಬೀಸಿದರೆ ಬುಗುರಿಯಂತೆ ತಿರುಗುತ್ತದೆ. ಸ್ವಲ್ಪ ಅಲುಗಾಟ ಒಳ್ಳೆಯದು, ಕಲ್ಲಿನಂತೆ ನಿಂತ ಗೊಂಬೆಗಿಂತ ಜೀವ ಇರುವಂತೆ ಕಾಣುತ್ತದೆ. ಪೂರ್ತಿ ಸುತ್ತು ಹೊಡೆದರೆ ಮಾತ್ರ ಯಾವ ಹಕ್ಕಿಯೂ ನಂಬುವುದಿಲ್ಲ, ಮೇಲೆ ನೀವು ಲೆಕ್ಕ ಹಾಕಿ ಇಟ್ಟ ಮುಖದ ದಿಕ್ಕೂ ಹೋಯಿತು. ಬಾಲದ ಎಡಕ್ಕೊಂದು ಬಲಕ್ಕೊಂದು ಗಟ್ಟಿ ಕಡ್ಡಿಯನ್ನು ನೆಲಕ್ಕೆ ಚುಚ್ಚಿ, ಬಾಲದ ತುದಿಯಿಂದ ನಾಲ್ಕು ಐದು ಅಂಗುಲ ಬಿಟ್ಟು. ಗೊಂಬೆ ಆ ಎರಡರ ನಡುವೆ ಮಾತ್ರ ಅತ್ತಿತ್ತ ಆಡುತ್ತದೆ. ಕಡ್ಡಿ ಹಸಿಯದಿರಲಿ, ಬಾಗಿ ಜಾರುತ್ತದೆ. ಗೂಟದ ತುದಿ ಸಡಿಲವಾಗಿದ್ದರೆ ಇನ್ಸುಲೇಶನ್ ಟೇಪ್ ಎರಡು ಸುತ್ತು ಹಾಕಿ. ಬಿರುಗಾಳಿಯ ದಿನ ಹಗುರ ಫೋಮ್ ಬೇಡ, ಗಟ್ಟಿ ಪ್ಲಾಸ್ಟಿಕ್ಕಿನದು ಇದ್ದರೆ ಇಡಿ, ಇಲ್ಲವೇ ಹೇಂಟೆಯ ದನಿಯಲ್ಲಿ ಕೂಗಿ ಕರೆಯುವುದನ್ನೇ ನೆಚ್ಚಿ ಕೂರಿ.

ಎರಡನೆಯದು ಇಬ್ಬನಿ. ಮೇ ತಿಂಗಳ ಬೆಳಗ್ಗೆ ಗೊಂಬೆಯ ಬೆನ್ನು ಒದ್ದೆಯಾಗಿ, ಸೂರ್ಯ ಕಾಡಿನ ಮೇಲೆ ಬಂದ ಕೂಡಲೇ ಎಣ್ಣೆ ಹಚ್ಚಿದಂತೆ ಹೊಳೆಯುತ್ತದೆ. ಹತ್ತಿರ ಕೂತು ನೋಡಿ: ನಿಜವಾದ ಗರಿಯ ಮೇಲೆ ಕಂಚು ಹಸಿರು ಮಿನುಗು ಓರೆಯಾಗಿ ಸರಿಯುತ್ತದೆ, ಒದ್ದೆ ಫೋಮಿನ ಮೇಲೆ ಒಂದೇ ಬಿಳಿ ಚುಕ್ಕಿ ಅಂಟಿಕೊಂಡು ನಿಲ್ಲುತ್ತದೆ. ಬೆಳಕು ಹರಿಯುವ ಮೊದಲೇ ಒಣ ಬಟ್ಟೆಯಿಂದ ಒರೆಸಿ, ಹಳೆಯ ಗೊಂಬೆಯಾದರೆ ಹೊಳಪಿಲ್ಲದ ಕ್ಲಿಯರ್ ಸ್ಪ್ರೇ ತೆಳುವಾಗಿ ಒಂದು ಪದರ. ಬಟ್ಟೆ ಬೆಳ್ಳಗಾಗಿಸುವ ಡಿಟರ್ಜೆಂಟ್‌ನಲ್ಲಿ ಬೇಟೆಯ ಉಡುಪು ಒಗೆಯಬೇಡಿ, ಅದರ ಹೊಳಪು ನಮಗಿಂತ ಈ ಹಕ್ಕಿಗಳಿಗೆ ಹೆಚ್ಚು ಕಾಣುತ್ತದೆ.

ಮೂರನೆಯದು ಮಡಿಕೆ. ಚೀಲದಲ್ಲಿ ಚಳಿಗಾಲವಿಡೀ ಮಡಚಿಟ್ಟ ಫೋಮ್ ಪಕ್ಕೆ ಒಳಗೆ ಹೋಗಿ ಬಡಕಲು ನಾಯಿಯಂತಾಗಿರುತ್ತದೆ. ಹಿಂದಿನ ರಾತ್ರಿಯೇ ಬಿಸಿನೀರಿನಲ್ಲಿ ಅದ್ದಿ ಕೈಯಿಂದ ಒಳಗಿನಿಂದ ಒತ್ತಿ, ಒಳಗೆ ಹಳೆ ಬಟ್ಟೆ ತುಂಬಿ ಒಣಗಲು ಬಿಡಿ. ವಾಸನೆಯ ಚಿಂತೆ ಬೇಡ, ಟರ್ಕಿಗೆ ಮೂಗು ಅಷ್ಟಕ್ಕಷ್ಟೆ.

ಹಳೆಗನ್ನಡಪ್ರಿಯ:
ಡಿಕಾಯ್‌ಗೆ ಕನ್ನಡದಲ್ಲಿ ಪದವಿಲ್ಲ ಎಂದುಕೊಳ್ಳಬೇಡಿ. ಹಳೆಯ ಕನ್ನಡದಲ್ಲಿ ‘ದೀವ’, ‘ದೀಹ’ ಎಂಬ ಮಾತಿದೆ: ಬೇಟೆಯಲ್ಲಿ ಮಿಗವನ್ನೋ ಹಕ್ಕಿಯನ್ನೋ ಸೆಳೆಯಲು ಇಡುತ್ತಿದ್ದ ಪಳಗಿದ ಪ್ರಾಣಿ. ನಮ್ಮಲ್ಲಿ ಅದು ಜೀವಂತ ಪ್ರಾಣಿ, ಇಲ್ಲಿ ಗೊಂಬೆ. 1972ರ ವನ್ಯಜೀವಿ ಕಾಯ್ದೆ ಬಂದ ಮೇಲೆ ಊರಿನಲ್ಲಿ ಬೇಟೆ ನಿಂತಿತು, ಪದವೂ ಮರೆಯಾಯಿತು. ಇಲ್ಲಿಯ ಮಾತಿನಲ್ಲಿ ಅದು ಮತ್ತೆ ಬಳಕೆಗೆ ಬಂದರೆ ಸಂತೋಷ.

ಕಿತ್ತಳೆಪಟ್ಟಿ:
ಡಿಕಾಯ್ ಇಡುವವರು ಕಾನೂನು ಮತ್ತು ಸುರಕ್ಷತೆಯನ್ನು ದೂರದ ಲೆಕ್ಕಕ್ಕಿಂತ ಮೊದಲು ಓದಬೇಕು.

ರಾಜ್ಯಕ್ಕೊಂದು ನಿಯಮ. ಅಲಬಾಮಾದಲ್ಲಿ ಸೀಸನ್ನಿನ ಮೊದಲ 10 ದಿನ ಡಿಕಾಯ್ ಇಡುವಂತಿಲ್ಲ. ಬ್ಯಾಟರಿಯಿಂದ ಅಲುಗುವ ಡಿಕಾಯ್ ಕೆಲವು ರಾಜ್ಯಗಳಲ್ಲಿ ನಿಷಿದ್ಧ. ನ್ಯೂಯಾರ್ಕಿನಲ್ಲಿ ವಸಂತದ ಬೇಟೆ ಮಧ್ಯಾಹ್ನ 12ಕ್ಕೆ ಮುಗಿಯಬೇಕು. ಪೆನ್ಸಿಲ್ವೇನಿಯಾದಲ್ಲಿ ವಸಂತದಲ್ಲಿ ಕೂಗಿ ಕರೆದೇ ಹೊಡೆಯಬೇಕು, ನುಸುಳಿ ಹೋಗಿ ಹೊಡೆಯುವಂತಿಲ್ಲ. ಆದ್ದರಿಂದ ಬಾಲದ ಬೀಸಣಿಗೆ ಮುಂದೆ ಹಿಡಿದು ತೆವಳುತ್ತಾ ಹೋಗುವ ವಿಧಾನ ಅಲ್ಲಿ ತಪ್ಪು, ಎಲ್ಲೇ ಆದರೂ ಜೀವಕ್ಕೆ ಅಪಾಯ. ಆ ವರ್ಷದ ನಿಯಮ ಪುಸ್ತಕ ನೋಡದೆ ಗೂಟ ನೆಡಬೇಡಿ.

ಹುಂಜದ ತಲೆ ಕೆಂಪು, ಬಿಳಿ, ನೀಲಿ. ಆ ಮೂರು ಬಣ್ಣ ನಿಮ್ಮ ಮೈಮೇಲೆ ಎಲ್ಲೂ ಇರಬಾರದು, ಕಾಲುಚೀಲ, ಕರವಸ್ತ್ರ ಕೂಡ. ಡಿಕಾಯ್‌ಗಳನ್ನು ತೆಗೆದುಕೊಂಡು ಹೋಗುವಾಗ ಬರುವಾಗ ತಲೆ ಬಾಲ ಒಂದೂ ಹೊರಗೆ ಕಾಣದಂತೆ ಕಿತ್ತಳೆ ಬಣ್ಣದ ಚೀಲದಲ್ಲಿ. ಬ್ಲೈಂಡಿನ ಬಟ್ಟೆ ಚರೆಯನ್ನು ತಡೆಯುವುದಿಲ್ಲ ಎಂಬುದನ್ನು ಮರೆಯಬೇಡಿ. ಬೆನ್ನ ಹಿಂದೆ ಹೆಗಲಿಗಿಂತ ಅಗಲದ ಮರ ಇರಲಿ, ಹಿಂದಿನಿಂದ ಬರುವವರಿಗೆ ಕಾಣುವಂತೆ ಮರಕ್ಕೆ ಕಿತ್ತಳೆ ಪಟ್ಟಿ ಸುತ್ತಿ. ಇನ್ನೊಬ್ಬ ಬೇಟೆಗಾರ ಡಿಕಾಯ್ ಕಡೆ ಬರುವುದು ಕಂಡರೆ ಕೈ ಬೀಸಬೇಡಿ, ಟರ್ಕಿಯ ಸದ್ದು ಮಾಡಬೇಡಿ. ಕೂತಲ್ಲಿಂದಲೇ ಗಟ್ಟಿಯಾಗಿ ಮನುಷ್ಯರ ಮಾತಿನಲ್ಲಿ ಕೂಗಿ ಹೇಳಿ.

ಎಚ್‌-1ಬಿ ಮುಂತಾದ ವೀಸಾದಲ್ಲಿರುವ ಕನ್ನಡಿಗರಿಗೆ: ಅಮೆರಿಕದ ಫೆಡರಲ್ ಕಾನೂನು ವಲಸೆಯೇತರ ವೀಸಾದವರು ಬಂದೂಕು ಇಟ್ಟುಕೊಳ್ಳುವುದನ್ನು ಸಾಮಾನ್ಯವಾಗಿ ತಡೆಯುತ್ತದೆ, ಊರ್ಜಿತ ಬೇಟೆ ಲೈಸೆನ್ಸ್ ಇದ್ದವರಿಗೆ ವಿನಾಯಿತಿ ಇದೆ. ಕೋವಿ ಮುಟ್ಟುವ ಮೊದಲು ವಕೀಲರಿಂದ ತಿಳಿದುಕೊಳ್ಳಿ.

ಹೊಲದಂಚು:
ತುಂಬಾ ಉಪಕಾರವಾಯಿತು. ಇನ್ನೊಂದು ಪ್ರಶ್ನೆ: ಎಲ್ಲ ಸರಿಯಿಟ್ಟರೂ ಹುಂಜ 60 ಗಜದಲ್ಲಿ ನಿಂತುಬಿಟ್ಟರೆ ಬ್ಲೈಂಡ್ ಒಳಗೆ ಕೂತವರು ಮಾಡುವುದೇನು? ಹೊರಗೆ ಹೋಗಿ ಡಿಕಾಯ್ ಬದಲಿಸಲಾಗದು.

ಮರೆಗಾರ:
ಮೊದಲು ಕೂಗುವುದನ್ನು ನಿಲ್ಲಿಸಿ. ನೀವು ಕೂಗಿದಷ್ಟೂ ಹೇಂಟೆ ಬರುತ್ತಾಳೆ ಎಂದು ಅದು ಅಲ್ಲೇ ಕಾಯುತ್ತದೆ. ಹತ್ತು ನಿಮಿಷ ಮೌನ, ಆಮೇಲೆ ಒಣ ಎಲೆ ಕೆದಕುವ ಸದ್ದು, ಮೆಲ್ಲಗೆ ಒಂದೆರಡು ಗುರುಗುಟ್ಟುವಿಕೆ. ಅದರ ಜೊತೆ ನಿಜವಾದ ಹೇಂಟೆಗಳಿದ್ದರೆ ಹುಂಜವನ್ನು ಬಿಟ್ಟು ಆ ಗುಂಪಿನ ಯಜಮಾನಿ ಹೇಂಟೆಗೆ ಉತ್ತರ ಕೊಡಿ. ಅದು ಕೂಗಿದಂತೆಯೇ ನೀವೂ ಕೂಗಿ, ಅದಕ್ಕಿಂತ ಸ್ವಲ್ಪ ಜೋರಾಗಿ. ಸಿಟ್ಟಿಗೆದ್ದು ನಿಮ್ಮ ಗೊಂಬೆಯನ್ನು ಕುಕ್ಕಲು ಬರುತ್ತದೆ, ಹುಂಜ ಹಿಂಬಾಲಿಸುತ್ತದೆ.

ಮಾರನೆಯ ದಿನಕ್ಕೆ ಜೋಡಣೆ ಬದಲಿಸಿ. ಹೊಲದ ಮಧ್ಯದಿಂದ ಎಲ್ಲವೂ ಕಾಣುವಂತಿದ್ದರೆ ಡಿಕಾಯ್‌ಗಳನ್ನು ಅಂಚಿನ ಪೊದೆಯ ಓರೆಗೆ ಸರಿಸಿ, ಒಂದು ಕಂಡು ಒಂದು ಮರೆಯಾಗುವಂತೆ. ಪೂರ್ತಿ ನೋಡಬೇಕಾದರೆ ಹುಂಜ 40 ಗಜದೊಳಗೆ ಬರಲೇಬೇಕು. ಕಾಡಿನೊಳಗಾದರೆ ದಿಣ್ಣೆಯೊಂದರ ನೆತ್ತಿ 25 ಗಜದಲ್ಲಿ ಇರುವಂತೆ ಕೂತು ಡಿಕಾಯ್ ಇಲ್ಲದೆಯೇ ಕೂಗಿ. ಒತ್ತು ಕಾಡಿನಲ್ಲಿ ಹತ್ತು ಹೆಜ್ಜೆಯಲ್ಲಿ ಥಟ್ಟನೆ ಎದುರಾದ ಗೊಂಬೆ ಹುಂಜವನ್ನು ಬೆಚ್ಚಿಬೀಳಿಸುತ್ತದೆ.

ಗೂಟಗಾರ:
ಕೊನೆಯದಾಗಿ ಕತ್ತಲಲ್ಲಿ ಮಾಡುವ ಕೆಲಸದ ಬಗ್ಗೆ. ನಿಮ್ಮ ಬ್ಲೈಂಡ್ ಪೈನ್ ಮರಗಳಿಂದ 100ರಿಂದ 150 ಗಜ ದೂರ ಇರಲಿ, ಅದಕ್ಕಿಂತ ಹತ್ತಿರ ಹೋದರೆ ಮೇಲಿನಿಂದಲೇ ಕಾಣುತ್ತೀರಿ. ಹಿಂದಿನ ದಿನ ನಡುಹಗಲಿನಲ್ಲಿ, ಹಕ್ಕಿಗಳು ಇಲ್ಲದ ಹೊತ್ತಿನಲ್ಲಿ, ರೇಂಜ್‌ಫೈಂಡರ್ ಹಿಡಿದು ಕುರ್ಚಿಯಿಂದಲೇ 10, 20, 30, 40 ಗಜ ಅಳೆದು ಒಂದೊಂದು ಕೋಲು ನೆಡಿ. ಡಿಕಾಯ್ ಗೂಟದ ತೂತುಗಳನ್ನು ಉದ್ದನೆಯ ಸ್ಕ್ರೂಡ್ರೈವರಿನಿಂದ ಆಗಲೇ ಕೊರೆದು ಒಣಕಡ್ಡಿ ಸಿಕ್ಕಿಸಿಡಿ. ಕೂಳೆ ಹೊಲದ ಗಟ್ಟಿ ನೆಲಕ್ಕೆ ಕತ್ತಲಲ್ಲಿ ಗೂಟ ಬಡಿಯುವ ‘ಟಣ್’ ಸದ್ದು ಮರದ ಮೇಲಿನ ಹಕ್ಕಿಗೆ ಸ್ಪಷ್ಟವಾಗಿ ಕೇಳುತ್ತದೆ. ಸೂರ್ಯೋದಯಕ್ಕೆ ಒಂದು ಗಂಟೆ ಮೊದಲು ಬನ್ನಿ, ದೀಪ ನೆಲಕ್ಕೆ ಬಗ್ಗಿಸಿ, ಕಡ್ಡಿ ಕಿತ್ತು ಗೂಟ ಇಳಿಸಿ, ಬಾಲದ ಎರಡು ಕಡ್ಡಿ ಚುಚ್ಚಿ, ಬೆನ್ನು ಒರೆಸಿ ಒಳಗೆ ಸೇರಿಕೊಳ್ಳಿ. ಬೇಟೆ ಮುಗಿದು ಡಿಕಾಯ್ ಎತ್ತಲು ಹೊರಗೆ ಬರುವ ಮುನ್ನ ಎಲ್ಲ ಕಿಟಕಿಗಳಿಂದ ಸುತ್ತ ಒಮ್ಮೆ ನೋಡಿ, ಕಿತ್ತಳೆ ಟೋಪಿ ತಲೆಗೆ ಹಾಕಿಕೊಂಡು ಆಮೇಲೆ ಜಿಪ್ ತೆಗೆಯಿರಿ.